ತಡೀರಿ

ಅಂಗಿಯ ಎಡ ಜೇಬಿನಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು. ಹುಮನಾಬಾದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಗುರುಶಾಂತ ಅದನ್ನು ಮೂರನೆಯ ಸಲ ಮುಟ್ಟಿ ನೋಡಿಕೊಂಡ. ಎಲ್ಲಾದರೂ ಬಿದ್ದು ಹೋಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ಅವನಿಗೆ. ಕಾಗದ ಇದ್ದಲ್ಲಿಯೇ ಇತ್ತು. ಗೋರ್ಟಾದ ಮಡೆಪ್ಪ ಕಳಿಸಿದ್ದು. ಒಂದೇ ಬಟಾಲಿಯನ್ನಿನವರು, ಈಗ ಇಬ್ಬರೂ ರಜೆಯ ಮೇಲೆ ಊರಿಗೆ ಬಂದವರು. ಬಸವಕಲ್ಯಾಣದ ಕೋರ್ಟಿನ ಎದುರು ಕೂರುವ ಟೈಪಿಸ್ಟನ ಕೈಯಲ್ಲಿ ಹೊಡೆಸಿ, ಸಹಿ ಎಲ್ಲಿ ಮಾಡಬೇಕೆಂದು ತಿಳಿಯಲಿ ಅಂತ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿದ್ದ, ಗುರುಶಾಂತನಿಗೆ ಸಹಿ ಮಾಡುವ ಜಾಗವೇ ಗೊತ್ತಿಲ್ಲವೆಂಬ ಹಾಗೆ. ನಾಲ್ಕೇ ಸಾಲು. ಸಿಪಾಯಿ ಮಡೆಪ್ಪನ ಬಲ ಮೊಣಕಾಲಿಗೆ ಪೆಟ್ಟಾದದ್ದು ಬಚ್ಚಲಲ್ಲಿ ಜಾರಿ ಅಲ್ಲ. ಹಗ್ಗ ಜಗ್ಗಾಟದ ಮೈದಾನದಲ್ಲಿ, ಪಂದ್ಯದ ಹೊತ್ತಿನಲ್ಲಿ, ನನ್ನ ಕಣ್ಣೆದುರು. ಕೆಳಗೆ ಹವಾಲ್ದಾರ್ ಗುರುಶಾಂತ ಎಂದು ಟೈಪಾಗಿತ್ತು. ಅದರ ಮೇಲೆ ಚುಕ್ಕೆ. ಬರೆದದ್ದೆಲ್ಲ ನಿಜವೇ, ಒಂದಕ್ಷರ ಸುಳ್ಳಿಲ್ಲ, ಅದೇ ತೊಂದರೆಯಾಗಿತ್ತು.

ಇಷ್ಟೆಲ್ಲ ಶುರುವಾದದ್ದು ಮರ್ಜರ್ ಎಂಬ ಮಾತಿನಿಂದ. ಅವನ ಬಟಾಲಿಯನ್ನನ್ನು ಇನ್ನೊಂದು ಬಟಾಲಿಯನ್ನಿನೊಳಗೆ ಸೇರಿಸಿ ಒಂದೇ ಮಾಡುವುದೆಂದು ಮೇಲಿನಿಂದ ಹುಕುಂ ಬಂದಿತ್ತು. ಏಪ್ರಿಲಿನಲ್ಲಿ ಎರಡು ಬೋರ್ಡು ಇಳಿದು ಒಂದು ಬೋರ್ಡು ಏರುತ್ತದೆ. ಎರಡು ಅಡುಗೆಮನೆಗೆ ಒಂದು ಅಡುಗೆಮನೆ, ಎರಡು ಬ್ಯಾಂಡಿಗೆ ಒಂದು ಬ್ಯಾಂಡು, ಎರಡು ಹಗ್ಗದ ಟೀಮಿಗೆ ಒಂದು ಟೀಮು. ಮನುಷ್ಯರ ಲೆಕ್ಕವೂ ಹಾಗೆಯೇ. ಸೇರಿಸುವ ಮೊದಲು ಒಬ್ಬೊಬ್ಬನನ್ನೂ ಡಾಕ್ಟರುಗಳ ಮುಂದೆ ನಿಲ್ಲಿಸಿ ಕೂತೇಳಿಸಿ ನೋಡುತ್ತಾರೆ, ಕೈಕಾಲು ನೆಟ್ಟಗಿಲ್ಲದವನನ್ನು ಮನೆಗೆ ಕಳಿಸುತ್ತಾರೆ. ಪಿಂಚಣಿಗೆ ಬೇಕಾದ ಹದಿನೈದು ವರ್ಷ ತುಂಬಲು ಮಡೆಪ್ಪನಿಗೆ ಇನ್ನೂ ಮೂರು ವರ್ಷ ಉಳಿದಿತ್ತು. ಪೆಟ್ಟು ಮೈದಾನದಲ್ಲಿ ಆದದ್ದೆಂದು ದಾಖಲೆಯಿದ್ದರೆ ಅವನನ್ನು ಹಾಗೆ ಸುಮ್ಮನೆ ಕೈಬಿಡುವಂತಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದವನಾದರೆ ಕೈಕುಲುಕಿ ರೈಲು ಹತ್ತಿಸುತ್ತಾರೆ. ಬಚ್ಚಲಲ್ಲಿ ಜಾರಿದ ಅಂತ ಎರಡು ವರ್ಷದ ಹಿಂದೆ ಬರೆದುಕೊಟ್ಟವನು ಗುರುಶಾಂತನೇ. ಈಗ ಹೀಗಲ್ಲ ಹಾಗೆ ಎಂದರೆ ಮೊದಲು ಬರೆದದ್ದು ಯಾಕೆ ಎಂದು ಕೇಳುತ್ತಾರೆ. ಹೊಸ ಬಟಾಲಿಯನ್ನಿನಲ್ಲಿ ನಾಯಬ್ ಸುಬೇದಾರನ ಜಾಗ ಒಂದೇ, ಕಾದು ಕೂತ ಹವಾಲ್ದಾರರು ಇಬ್ಬರು. ಇನ್ನೊಬ್ಬನ ಹೆಸರಿನ ಮೇಲೆ ಒಂದು ಮಸಿಚುಕ್ಕೆಯೂ ಇರಲಿಲ್ಲ.

“ಮರ್ಜರ್ ಅಂದ್ರ ಏನ್ರಿ?” ಎಂದು ಹೆಂಡತಿ ವಿದ್ಯಾವತಿ ಕೇಳಿದ್ದಳು, ಬಂದ ದಿನವೇ, ಅವನ ಟ್ರಂಕಿನ ಬಟ್ಟೆ ಒಗೆಯಲು ತೆಗೆಯುತ್ತ.

“ಎರಡು ಕೂಡಿ ಒಂದಾಗೋದು.”

“ಅಂದ್ರ ನಿಮ್ಮ ಪಲ್ಟನ್ ಐಕ್ಯ ಆತು ಅನ್ರಿ,” ಎಂದು ಅವಳು ನಕ್ಕಳು. ಅವಳು ತಮಾಷೆಗೆ ಅಂದದ್ದು. ಅವನಿಗೆ ಅಜ್ಜ ಮಹಾರುದ್ರಪ್ಪ ಐಕ್ಯನಾದ ದಿನ ನೆನಪಾಯಿತು. ಮಾಣಿಕನಗರದ ದಾರಿಯ ಹೊಲದಲ್ಲಿ ಕುಣಿ ತೋಡಿ, ಅಜ್ಜನನ್ನು ಪದ್ಮಾಸನ ಹಾಕಿಸಿ ಕೂರಿಸಿ, ವಿಭೂತಿ ಹಚ್ಚಿ, ಬದುಕಿರುವವನ ಮಡಿಲಿಗೆ ಕಾಳು ಸುರಿದಂತೆ ಮಣ್ಣು ಸುರಿದಿದ್ದರು. ಅಜ್ಜ ಅಷ್ಟು ಗಟ್ಟಿಯಾಗಿ ಕೂತದ್ದನ್ನು ಅವನು ಮೊದಲೆಂದೂ ನೋಡಿರಲಿಲ್ಲ. ವಿದ್ಯಾವತಿ ಇಷ್ಟರಲ್ಲಿ ಓಣಿಯಲ್ಲೆಲ್ಲ ನಮ್ಮವರು ಈ ಸಲ ಸಾಹೇಬರಾಗುತ್ತಾರೆ ಎಂದು ಹೇಳಿ ಬಂದಿದ್ದಳು. ಕಿರಾಣಿ ಅಂಗಡಿಯಲ್ಲಿ ಕೂರುವ ತಮ್ಮ ಗುರುನಾಥ ಬೆಳಿಗ್ಗೆ ಅವನನ್ನು ಕಂಡು ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ, ಗಿರಾಕಿಗಳ ಎದುರಿಗೇ. ಗುರುಶಾಂತನೂ ಸೆಲ್ಯೂಟ್ ಹೊಡೆದ. ಹೊಡೆಯದೆ ಏನು ಮಾಡುವುದು?

ಕಲ್ಯಾಣದ ಬಸ್ಸು ಬಂತು. ಕಾರ್ಖಾನೆಗಳ ಹುಳಿವಾಸನೆ ಊರು ದಾಟುವವರೆಗೂ ಬಸ್ಸಿನೊಳಗೇ ಕೂತಿತ್ತು. ಆಮೇಲೆ ಕಪ್ಪು ಹೊಲ, ಕೊಯ್ದ ತೊಗರಿಯ ಕೂಳೆ, ನಡುನಡುವೆ ನಿಂತ ಬಿಳಿಜೋಳ. ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಹಿಂಡಿನವನು ಅವಸರ ಮಾಡಲಿಲ್ಲ. ಟಗರಿನ ಕೊರಳಿನ ಹಗ್ಗವನ್ನು ಸೊಂಟದ ಹಿಂದೆ ಹಾಯಿಸಿ, ಹಿಮ್ಮಡಿ ಊರಿ, ಸುಮ್ಮನೆ ಹಿಂದಕ್ಕೆ ಒರಗಿ ನಿಂತ. ಟಗರು ಎಷ್ಟು ಜಗ್ಗಿದರೂ ಅವನು ಅಲುಗಲಿಲ್ಲ. ಗುರುಶಾಂತ ಮುಖ ತಿರುಗಿಸಿದ. ಹಗ್ಗದ ಟೀಮಿಗೆ ಕಲಿಸುವ ಉಸ್ತಾದ ಅವನೇ, ಮಡೆಪ್ಪನನ್ನು ಟೀಮಿಗೆ ಆರಿಸಿದ್ದು ಹೀಗೆ ನಿಂತದ್ದನ್ನು ನೋಡಿಯೇ. ಹೊಸದಾಗಿ ಭರ್ತಿಯಾದ ರಂಗರೂಟುಗಳೆಲ್ಲ ನೀರಿನ ಟ್ಯಾಂಕರನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಟ್ಯಾಂಕರು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ಎಲ್ಲರೂ ಕೈಬಿಟ್ಟು ಓಡಿದರು. ಇವನೊಬ್ಬ ಹಗ್ಗ ಬೆನ್ನಿಗೆ ಹಾಕಿಕೊಂಡು ಒರಗಿ ನಿಂತುಬಿಟ್ಟ. ಯಾವ ಊರೋ ಎಂದು ಹಿಂದಿಯಲ್ಲಿ ಕೇಳಿದರೆ, “ಗೋರ್ಟಾರಿ” ಎಂದು ಕನ್ನಡದಲ್ಲಿ ಹೇಳಿದ. ಅಷ್ಟು ದೂರದಲ್ಲಿ ಆ ‘ರಿ’ ಕೇಳಿ ಗುರುಶಾಂತನ ಕಣ್ಣು ಒದ್ದೆಯಾಗಿತ್ತು. ನಾಚಿಕೆಯಾಗಿ ಅವತ್ತು ಮಡೆಪ್ಪನಿಗೆ ಹತ್ತು ಸುತ್ತು ಓಡುವ ಶಿಕ್ಷೆ ಕೊಟ್ಟಿದ್ದ.

ಮಡೆಪ್ಪ ಹಗ್ಗದ ಕೊನೆಯವನಾದ. ಎಂಟು ಜನರಲ್ಲಿ ಕೊನೆಯವನು ಹಗ್ಗವನ್ನು ಬೆನ್ನಿಗೂ ಹೆಗಲಿಗೂ ಸುತ್ತಿಕೊಂಡು ನಿಲ್ಲುತ್ತಾನೆ. ಮಿಕ್ಕವರು ಕೈಬಿಡಬಹುದು. ಅವನು ಬಿಡುತ್ತೇನೆಂದರೂ ಹಗ್ಗ ಅವನನ್ನು ಬಿಡುವುದಿಲ್ಲ. ಅವನ ಮುಂದಿನ ಏಳು ಜನ ಸಾತಾರಾ, ನಾಸಿಕ ಕಡೆಯವರು. ಎಲ್ಲ ಟೀಮುಗಳೂ ಹಿಂದಿಯಲ್ಲಿ ಕೂಗು ಹಾಕುತ್ತಿದ್ದವು, ಹಾಗಾಗಿ ಯಾವಾಗ ತಡೆಯುತ್ತಾರೆ, ಯಾವಾಗ ಎಳೆಯುತ್ತಾರೆ ಎಂದು ಎದುರಿನವರಿಗೆ ಮೊದಲೇ ತಿಳಿಯುತ್ತಿತ್ತು. ಗುರುಶಾಂತನಿಗೆ ಒಂದು ಉಪಾಯ ಹೊಳೆಯಿತು. ಎರಡೇ ಎರಡು ಕನ್ನಡ ಮಾತು ಕಲಿಸಿದ. ‘ತಡಿ’ ಎಂದರೆ ಹಿಮ್ಮಡಿ ಊರಿ ಕಲ್ಲಾಗಿ ನಿಲ್ಲುವುದು. ‘ಜಗ್ಗ’ ಎಂದರೆ ಪ್ರಾಣ ಹೋದರೂ ಎಳೆಯುವುದು. ಎದುರಿನವರಿಗೆ ಏನೂ ಗೊತ್ತಾಗದು. ಮೂರು ವರ್ಷ ಬ್ರಿಗೇಡಿನ ಪಂದ್ಯದ ಕಪ್ಪು ಅವರದೇ. ಸುಬೇದಾರ್ ಮಚ್ಚೇಂದ್ರ ಸಾಹೇಬರು ಊಟದ ಸಾಲಿನಲ್ಲಿ ಮುಂದೆ ನುಗ್ಗುವವರಿಗೂ “ಏ, ತಡಿ!” ಎನ್ನತೊಡಗಿದರು, ನುಗ್ಗಿದವರು ಹಿಮ್ಮಡಿ ಊರಿ ನಿಂತು ತೋರಿಸಿ ನಗುತ್ತಿದ್ದರು. ಆ ಏಳು ಜನರಿಗೆ ತಡಿ ಎಂದರೆ ಅದೊಂದೇ ಅರ್ಥ. ನಿಲ್ಲಿಸು, ಸ್ವಲ್ಪ ತಾಳು, ಸಾಕು ಎನ್ನುವ ಅರ್ಥವೂ ಆ ಮಾತಿಗೆ ಇದೆಯೆಂದು ಬಟಾಲಿಯನ್ನಿನಲ್ಲಿ ಬಲ್ಲವರು ಇಬ್ಬರೇ.

ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟಿತು. ಗುರುಶಾಂತ ಎದುರಿನ ಸೀಟಿನ ಕಂಬಿ ಹಿಡಿದ. ಅಂಗೈಯಲ್ಲಿ ಕಬ್ಬಿಣ ತಣ್ಣಗಿತ್ತು. ಅವತ್ತು ಅವನ ತುಟಿಯ ನಡುವೆ ಸೀಟಿ ಹೀಗೇ ತಣ್ಣಗಿತ್ತು. ಈಗ ಯಾರೊಳಗೆ ಸೇರಬೇಕೋ ಅದೇ ಬಟಾಲಿಯನ್ನಿನ ಎದುರು ಪಂದ್ಯ. ಮರ್ಜರ್ ಇನ್ನೂ ಗಾಳಿಮಾತು. ಆದರೂ ಮುಂದೆ ಯಾರ ಟೀಮು ಉಳಿಯಬೇಕೆಂಬುದು ಇವತ್ತೇ ತೀರ್ಮಾನ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಕಮಾಂಡಿಂಗ್ ಸಾಹೇಬರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಒಂದು ಅವರು ಗೆದ್ದು, ಒಂದು ಇವರು ಗೆದ್ದು, ಮೂರನೆಯದು ನಡೆದಿತ್ತು. ಗುರುಶಾಂತ ತಡಿ ಎಂದು ಸೀಟಿಯನ್ನು ಮತ್ತೆ ತುಟಿಗಿಟ್ಟುಕೊಂಡ. ಎಂಟು ಜನ ಊರಿ ನಿಂತರು. ಆಗ ಹಿಂದಿನಿಂದ ಹಸಿ ಕಟ್ಟಿಗೆ ಮುರಿದಂಥ ಸಣ್ಣ ಸದ್ದು ಬಂತು. ಮಡೆಪ್ಪನ ಬಲಗಾಲು ತಾನೇ ತೋಡಿದ ಕುಣಿಯಲ್ಲಿ ಹುಗಿದು, ಮೊಣಕಾಲು ಇರಬಾರದ ಕಡೆಗೆ ತಿರುಗಿತ್ತು. “ತಡೀರಿ!” ಎಂದು ಕೂಗಿದ. “ತಡೀರಿ, ಅಣ್ಣಾರ, ತಡೀರಿ!” ಮುಂದಿನ ಏಳು ಜನ ಕೊನೆಯವನ ಧೈರ್ಯಕ್ಕೆ ಹುರುಪು ಬಂದು ಹಿಮ್ಮಡಿಯನ್ನು ಇನ್ನಷ್ಟು ಆಳಕ್ಕೆ ಊರಿದರು. ಅವರ ತಪ್ಪೇನು? ಕಲಿಸಿದ್ದನ್ನು ಮಾಡಿದರು. ‘ರಿ’ ಎಂಬ ಬಾಲ ಅವರಿಗೆ ಏನೂ ಅಲ್ಲ. ಆದರೆ ಹಗ್ಗದ ಮೇಲೆ ಯಾರೂ ‘ರಿ’ ಹಚ್ಚಿ ಆಜ್ಞೆ ಕೊಡುವುದಿಲ್ಲ. ಅದು ಒಬ್ಬನಿಗಾಗಿ ಹಚ್ಚಿದ ‘ರಿ’ ಆಗಿತ್ತು, ಮತ್ತು ಆ ಒಬ್ಬನಿಗೆ ಅದು ನೆಟ್ಟಗೆ ಕೇಳಿಸಿತ್ತು. ಯಾರಿಗಾದರೂ ಪೆಟ್ಟಾದರೆ ಪಂದ್ಯ ನಿಲ್ಲಿಸಲೆಂದು ಉಸ್ತಾದರಿಗೆ ಕೊಟ್ಟ ಸೀಟಿ ಬಾಯಲ್ಲೇ ಇತ್ತು. ಊದಿದ್ದರೆ ಎಲ್ಲ ನಿಲ್ಲುತ್ತಿತ್ತು. ಎದುರಿನವರ ಮೂರನೆಯವನ ಮಂಡಿ ನಡುಗುವುದನ್ನು ಗುರುಶಾಂತ ನೋಡುತ್ತಿದ್ದ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದುಕೊಂಡ. ನಲವತ್ತು ಸೆಕೆಂಡು ಆಯಿತೆಂದು ಗಡಿಯಾರ ಹಿಡಿದವರು ಆಮೇಲೆ ಹೇಳಿದರು. ನಲವತ್ತು ಸೆಕೆಂಡು ಮಡೆಪ್ಪ ತಡೀರಿ ತಡೀರಿ ಎನ್ನುತ್ತಲೇ ಇದ್ದ. ಆಮೇಲೆ ಗುರುಶಾಂತ ಸೀಟಿ ಉಗುಳಿ, “ಜಗ್ಗ!” ಎಂದ.

ಗೆದ್ದರು. ಆ ಕೂಗಾಟದಲ್ಲಿ ಮಡೆಪ್ಪನ ಕಾಲನ್ನು ಬೇರೆ ಯಾರೂ ಗಮನಿಸಲಿಲ್ಲ. ಆಸ್ಪತ್ರೆಯ ಕೋಣೆಯ ಹೊರಗೆ ಕೂರಿಸಿ ಗುರುಶಾಂತನೇ ಅವನಿಗೆ ಹೇಳಿಕೊಟ್ಟ. ಹಗ್ಗದ ಮೇಲೆ ಆತು ಅಂದರ ನಿನ್ನ ಟೀಮಿನಿಂದ ತಗದು ಹಾಕ್ತಾರ, ಬಚ್ಚಲದಾಗ ಜಾರಿದೆ ಅನ್ನು, ಎರಡು ವಾರದಾಗ ಸರಿ ಆಗ್ತದ. ಮಡೆಪ್ಪ ಹೂಂ ಎಂದ. ಅವನ ಒಳ್ಳೆಯದಕ್ಕೇ ಹೇಳಿದ್ದು ಎಂದು ಗುರುಶಾಂತ ಎರಡು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅರ್ಧ ನಿಜ. ಸೀಟಿ ಯಾಕೆ ಊದಲಿಲ್ಲವೆಂದು ಯಾರಾದರೂ ಕೇಳಿಯಾರೆಂಬ ಹೆದರಿಕೆ ಮಿಕ್ಕ ಅರ್ಧ.

ಕಲ್ಯಾಣದ ನಿಲ್ದಾಣದ ಹೊರಗೆ ಇಸ್ಮಾಯಿಲನ ಟಂಟಂ ಆಟೋ ಗೋರ್ಟಾದ ಜನರನ್ನು ತುಂಬಿಕೊಳ್ಳುತ್ತಿತ್ತು. ಅವನು ಗುರುಶಾಂತನ ಬೂಟು ನೋಡಿ, “ಬರ್ರಿ ಫೌಜಿ ಸಾಬ್, ನಿಮಗ ಮುಂದಿನ ಸೀಟು,” ಎಂದು ಕೂತಿದ್ದ ಮುದುಕನೊಬ್ಬನನ್ನು ಎಬ್ಬಿಸಿ ಹಿಂದೆ ಕಳಿಸಿದ. ಬೇಡ ಎನ್ನಲು ಬಾಯಿ ತೆರೆದವನು ಕೂತೇಬಿಟ್ಟ. ಹಿಂದಿನಿಂದ ಮುದುಕನ ಕೆಮ್ಮು ದಾರಿಯುದ್ದಕ್ಕೂ ಅವನ ಕತ್ತಿಗೆ ತಾಗುತ್ತಿತ್ತು. ನಾಲ್ಕು ಗಂಟೆಗೆ ಇದೇ ಗಾಡಿ ವಾಪಸು ಹೊರಡುತ್ತದೆಂದು ಇಸ್ಮಾಯಿಲ ಹೇಳಿದ. ನಾಲ್ಕು ಗಂಟೆ ಎನ್ನುವುದನ್ನು ಗುರುಶಾಂತ ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

ಮಡೆಪ್ಪನ ಮನೆ ಊರ ಅಂಚಿಗೆ, ಕುರಿಹಟ್ಟಿಯ ಪಕ್ಕ. ಮಡೆಪ್ಪ ಬಾಗಿಲಲ್ಲೇ ನಿಂತಿದ್ದ, ಎಡಗಾಲ ಮೇಲೆ ಭಾರ ಹಾಕಿ. ಇಬ್ಬರಿಗೂ ಸೆಲ್ಯೂಟ್ ಮಾಡುವುದೋ ಕೈಮುಗಿಯುವುದೋ ತಿಳಿಯಲಿಲ್ಲ. ಕೊನೆಗೆ ಮಡೆಪ್ಪ ಬಗ್ಗಿ ಕಾಲು ಮುಟ್ಟಲು ಹೋದ, ಮೊಣಕಾಲು ಮಡಚಲಿಲ್ಲ, ಗೋಡೆ ಹಿಡಿದು ಅರ್ಧಕ್ಕೇ ನಿಂತು ನಕ್ಕ.

“ಬ್ಯಾಡೋ ಮಾರಾಯ,” ಎಂದ ಗುರುಶಾಂತ.

“ಏನ್ ಆಗಿಲ್ರಿ ಅಣ್ಣಾರ. ಮುಂಜಾನಿ ಜರಾ ಬಿಗೀತದ, ಅಷ್ಟ.”

ಒಳಗೆ ಖಂಡೋಬನ ಪಟದ ಪಕ್ಕದಲ್ಲಿ ಆ ಪಂದ್ಯ ಗೆದ್ದ ದಿನದ ಫೋಟೋ ತೂಗುಹಾಕಿದ್ದರು. ಎಂಟು ಜನ, ಗೆದ್ದ ಕಪ್ಪು, ನಡುವೆ ಕಮಾಂಡಿಂಗ್ ಸಾಹೇಬರು. ತುದಿಯಲ್ಲಿ ಮಡೆಪ್ಪ ಒಂಟಿಗಾಲಲ್ಲಿ ನಿಂತು ಗುರುಶಾಂತನ ಹೆಗಲಿಗೆ ಕೈ ಹಾಕಿದ್ದ. ಪ್ರೀತಿಯಿಂದ ಹಾಕಿದ ಕೈಯಂತೆ ಕಾಣುತ್ತಿತ್ತು. ಫೋಟೋಕ್ಕೂ ಕುಂಕುಮ ಹಚ್ಚಿದ್ದರು, ಗುರುಶಾಂತನ ಹಣೆಯ ಮೇಲೂ ಒಂದು ಬೊಟ್ಟು ಬಿದ್ದಿತ್ತು. ಮಡೆಪ್ಪನ ತಾಯಿ ತುಳಜಾಬಾಯಿ ಕಂಬಳಿ ಹಾಸಿ ಕೂರಿಸಿದಳು. ಹೆಂಡತಿ ಧೂಳಮ್ಮ ಚಹಾ ತಂದು, ಇಡುವ ಮೊದಲೇ ತಲೆ ತಗ್ಗಿಸಿ ಹೇಳಿದಳು: “ಹೊಸಾ ಗಲಾಸ್ ಅದರಿ. ನಿನ್ನಿ ತರಿಸೀನಿ. ನಮ್ಮ ಅಡಗಿ ಭಾಂಡೆ ಇದಕ್ಕ ಹಚ್ಚಿಲ್ರಿ.”

ಗುರುಶಾಂತನ ಕಿವಿ ಬಿಸಿಯಾಯಿತು. ಒಂದು ಚಳಿಗಾಲ ಪೂರ್ತಿ ಹಿಮದ ಚೌಕಿಯಲ್ಲಿ ಅವನೂ ಮಡೆಪ್ಪನೂ ಒಂದೇ ತಟ್ಟೆಯಲ್ಲಿ ಉಂಡಿದ್ದರು. ಹಾಗೆಂದು ಹೇಳಬೇಕೆನಿಸಿತು. ಮಡೆಪ್ಪ ಹೇಳಿಯಾನೆಂದು ಅವನ ಮುಖ ನೋಡಿದ. ಮಡೆಪ್ಪ ಆ ಮಾತು ಎಂದೂ ಮನೆಯಲ್ಲಿ ಹೇಳಿರಲಿಲ್ಲ, ಉಸ್ತಾದನ ಮರ್ಯಾದೆ ಕಾದಿದ್ದ. ಗುರುಶಾಂತ ಹೊಸ ಗ್ಲಾಸನ್ನು ಎತ್ತಿ ಕುಡಿದ.

“ಕಾಗದ ಸಿಕ್ಕತೇನ್ರಿ?” ಮಡೆಪ್ಪ ಮೆಲ್ಲಗೆ ಕೇಳಿದ.

“ಸಿಕ್ಕದ.”

“ಟೈಪ್ ಮಾಡಾಂವ ಏನರೆ ತಪ್ಪು ಹೊಡದಾನೇನ್ರಿ?”

“ಇಲ್ಲ. ಸರಿ ಅದ.”

“ನಾ ನಿಮ್ಮ ಹೆಸರಿಗೆ ಏನೂ ಹಚ್ಚಿಲ್ರಿ ಅಣ್ಣಾರ. ಸೀಟಿ ಮಾತು ಬರಸಿಲ್ಲ. ಕಾಲು ಅಲ್ಲಿ ಮುರೀತು ಅಂತ ಇಷ್ಟ.” ಅವನು ನೆಲ ಕೆರೆಯುತ್ತ ಕೂತ. “ನಿಮಗ ಕೇಳಿಸಿರ್ಲಿಕ್ಕಿಲ್ಲ ಬಿಡ್ರಿ ಅವತ್ತು. ಭಾಳ ಗದ್ದಲ ಇತ್ತು.”

ಗುರುಶಾಂತ ಗ್ಲಾಸನ್ನು ಕೆಳಗಿಡಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಬಂದಿತ್ತು. ಅದು ಪ್ರಶ್ನೆಯೋ ಕ್ಷಮೆಯೋ ತಿಳಿಯಲಿಲ್ಲ. ಕೇಳಿಸಿತ್ತು ಎಂದು ಬಿಟ್ಟರೆ ಇಲ್ಲೇ ಹಗುರಾಗಿಬಿಡಬಹುದು ಎಂದು ಅನ್ನಿಸಿದ್ದು ಸುಳ್ಳಲ್ಲ. ಮೈಯೆಲ್ಲ ಆ ಮಾತಿಗಾಗಿ ತಯಾರಾಯಿತು. “ಹೌದು, ಗದ್ದಲ ಇತ್ತು,” ಎಂದ.

“ಅದ ಮತ್ತ,” ಎಂದು ಮಡೆಪ್ಪ ಸಮಾಧಾನದಿಂದ ತಲೆ ಆಡಿಸಿದ. ಅವನ ಸಮಾಧಾನ ನೋಡಿ ಗುರುಶಾಂತನಿಗೆ ತನ್ನ ಮೇಲೆ ಅಸಹ್ಯ ಬಂತು, ಅವನ ಮೇಲೂ ಸಿಟ್ಟು ಬಂತು. ಇವನು ಒಂದು ಸಲ ಬೈಯಬಾರದೇ?

ಕಾಗದ ತೆಗೆದು ತೊಡೆಯ ಮೇಲೆ ಹರಡಿದ. ಧೂಳಮ್ಮ ಗೋಡೆಗೂಡಿನಿಂದ ಮಗಳು ಮನಿಷಾಳ ಪೆನ್ನು ತಂದುಕೊಟ್ಟಳು. ಪೆನ್ನಿನ ತುದಿ ಚುಕ್ಕೆಯ ಮೇಲೆ ಬಂತು. ಚುಕ್ಕೆ ನುಸಿಯಷ್ಟಿತ್ತು. ವಿದ್ಯಾವತಿ ಓಣಿಯಲ್ಲಿ ನಗುತ್ತ ನಿಂತದ್ದು ಕಂಡಿತು. ಗುರುನಾಥನ ಸೆಲ್ಯೂಟು ಕಂಡಿತು. ವಿಚಾರಣೆಯ ಮೇಜಿನ ಹಿಂದೆ ಮಚ್ಚೇಂದ್ರ ಸಾಹೇಬರು, ಸೀಟಿ ಎಲ್ಲಿತ್ತು ಗುರುಶಾಂತ, ಎಂದು ಕೇಳುವುದು ಕೇಳಿಸಿತು. ಅದೇ ಗಳಿಗೆಗೆ ತುಳಜಾಬಾಯಿ ಒಳಗಿನಿಂದ ಮಡಿಚಿದ ಕರಿಕಂಬಳಿ ತಂದು ಅವನ ಹೆಗಲ ಮೇಲೆ ಹೊದಿಸಿದಳು. “ಮೂರು ತಿಂಗಳಾತು ನೇಸಾಕತ್ತಿ. ನನ್ನ ಮಗಗ ನೀವ ದಿಕ್ಕರಿ ಅಲ್ಲಿ,” ಎಂದಳು. ಧೂಳಮ್ಮ ಸೆರಗು ಹಿಡಿದು ಪಾದ ಮುಟ್ಟಿದಳು. ಗುರುಶಾಂತ ಕಂಬಳಿ ಹಿಡಿಯಬೇಕೋ, ಅವಳನ್ನು ಎಬ್ಬಿಸಬೇಕೋ, ಪೆನ್ನು ಎಲ್ಲಿಡಬೇಕೋ ತಿಳಿಯದೆ ಕಾಗದವನ್ನು ಮಡಿಚಿ ಚಹಾದ ಗ್ಲಾಸಿನ ಕೆಳಗೆ ಇಟ್ಟ. ಸಹಿ ಆಯಿತೆಂದು ಎಲ್ಲರೂ ತಿಳಿದರು. ಅವನು ಆಯಿತು ಎನ್ನಲಿಲ್ಲ. ಆಗಿಲ್ಲ ಎಂದೂ ಅನ್ನಲಿಲ್ಲ. ಇನ್ನೇನು ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮಡೆಪ್ಪನ ಕಣ್ಣಲ್ಲಿ ನೀರು ನಿಂತಿತ್ತು. ಆ ಮುಖಕ್ಕೆ ಆ ಮಾತು ಹೇಳುವುದು ಅವನ ಕೈಲಾಗಲಿಲ್ಲ.

“ಊಟ ಮಾಡ್ಕೊಂಡು ಹೋಗ್ರಿ,” ಎಂದಳು ಮುದುಕಿ.

“ಗಾಡಿ ಹೋಗ್ತದವ್ವ. ನಾಲ್ಕಕ್ಕ.” ಮೂರೂವರೆ ಆಗಿತ್ತು. ಕಳಿಸಿಕೊಡಲು ಮಡೆಪ್ಪ ಎದ್ದ. ನೀ ಬರಬ್ಯಾಡ, ಕಾಲು ನೋಯ್ತದ ಎಂದು ಗುರುಶಾಂತ ಗದರಿಸಿಯೇ ಅವನನ್ನು ಕೂರಿಸಿದ, ಹವಾಲ್ದಾರನ ದನಿಯಲ್ಲಿ. ಮಡೆಪ್ಪ ಕೂತ.

ಇಸ್ಮಾಯಿಲ ಮುಂದಿನ ಸೀಟು ಹಿಡಿದಿಟ್ಟಿದ್ದ. ಗುರುಶಾಂತ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕುರಿಯ ಬೆಚ್ಚನೆಯ ವಾಸನೆ ಬರುತ್ತಿತ್ತು. ನಾಳೆ ಕಾಗದ ಬರೆದರಾಯಿತು, ರಜೆ ಮುಗಿಯುವುದರೊಳಗೆ ಇನ್ನೊಮ್ಮೆ ಬಂದರಾಯಿತು, ಡಾಕ್ಟರು ಒಳ್ಳೆಯವನಿದ್ದರೆ ಕಾಲು ನೋಡದೆಯೂ ಬಿಟ್ಟಾನು ಎಂದು ಒಂದೊಂದಾಗಿ ಜೋಡಿಸಿಕೊಂಡ. ಇಂಜಿನ್ ಗುಡುಗಿ ಟಂಟಂ ಹೊರಟಿತು. ಊರ ಬಾವಿ ದಾಟುವಾಗ ಪಕ್ಕದ ಕನ್ನಡಿಯಲ್ಲಿ ಧೂಳಿನ ನಡುವೆ ಒಬ್ಬ ಮನುಷ್ಯ ಕಂಡ. ಬಲಗಾಲನ್ನು ಎಳೆದು ಬಿಸಾಕುತ್ತ ಓಡಿ ಬರುತ್ತಿದ್ದ. ಎತ್ತಿದ ಕೈಯಲ್ಲಿ ಬಿಳಿಯ ಕಾಗದ, ಇನ್ನೊಂದು ಕೈಯಲ್ಲಿ ಮಗಳ ಪೆನ್ನು. ಅವಸರದಲ್ಲಿ ಅಣ್ಣಾರು ಮರೆತಿದ್ದಾರೆ ಎಂದೇ ಅವನು ತಿಳಿದಿದ್ದ. ಮುಖದಲ್ಲಿ ಸಂಶಯ ಒಂದಿಷ್ಟೂ ಇರಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಟಂಟಂನ ಹತ್ತು ಜನರಿಗೆ ಅವನ ದನಿ ಕೇಳುವಂತಿರಲಿಲ್ಲ. ಗುರುಶಾಂತನಿಗೆ ಕೇಳಿಸಿತು.

“ತಡೀರಿ! ಅಣ್ಣಾರ, ತಡೀರಿ!”

ಗುರುಶಾಂತನ ಎರಡೂ ಹಿಮ್ಮಡಿ ಟಂಟಂನ ತಗಡಿಗೆ ಊರಿಕೊಂಡವು. ಇಸ್ಮಾಯಿಲ ಕನ್ನಡಿಗೆ ಬಗ್ಗಿ ನೋಡಿ ವೇಗ ತಗ್ಗಿಸಿದ.

“ಮಡೆಪ್ಪ ಅಲ್ಲೇನ್ರಿ ಅಂವ? ಏನೋ ಒದರಾಕತ್ತಾನ. ಏನ್ ಅಂತಾನ್ರಿ ಸಾಬ್?”

ಗುರುಶಾಂತ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಹೋಗಿ ಬರ್ರಿ ಅನ್ನಾಕತ್ತಾನ,” ಎಂದ.

“ಒಳ್ಳೆ ಮನಿಶ್ಯಾ ರೀ ಅಂವ,” ಎಂದು ಇಸ್ಮಾಯಿಲ ಗೇರು ಬದಲಿಸಿ, ಉತ್ತರವಾಗಿ ಎರಡು ಸಲ ಹಾರ್ನ್ ಹೊಡೆದ. ಹಾರ್ನ್ ಕೇಳಿ, ಗಾಡಿ ನಿಲ್ಲುತ್ತದೆಂದು ತಿಳಿದು, ಮಡೆಪ್ಪ ಇನ್ನಷ್ಟು ಜೋರಾಗಿ ಓಡತೊಡಗಿದ.